ಬೋರ್ಡಿನ ಕೊನೆಯ ಅಂಕಿ

ಮಂಗಳವಾರ, ಬೆಳಿಗ್ಗೆ
ಐಸ್ ಅಂಗಳದ ಯಂತ್ರದ ಕೋಣೆಯಿಂದ

ಪ್ರೀತಿಯ ಅಕ್ಕನಿಗೆ,

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಕಾಗುಣಿತದ ತಪ್ಪುಗಳಿಗಂತೂ ಕೊನೆಯಿಲ್ಲ. ನಗಬೇಡ. ನಕ್ಕರೂ ಪೂರ್ತಿ ಓದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಐಸು ಮಾಡಲು ನಿಂತವಳು ನಾನು. ಆಮೇಲೆ ಕಲಿತದ್ದೆಲ್ಲ ನೀನು ಸ್ಕೇಟಿಂಗ್ ಪ್ರಾಕ್ಟೀಸಿನ ನಡುವೆ ದಣಿವಾರಿಸಿಕೊಳ್ಳುವಾಗ ಅಂಗಳದ ಪಕ್ಕದ ಮಬ್ಬು ಗಾಜಿನ ಮೇಲೆ ಬೆರಳಿನಲ್ಲಿ ಬರೆದು ತೋರಿಸಿದ್ದು. ನಾನು ತಿದ್ದುವಷ್ಟರಲ್ಲಿ ಅಕ್ಷರ ನೀರಾಗಿ ಇಳಿದುಹೋಗುತ್ತಿತ್ತು. ಅದಕ್ಕೇ ನನ್ನ ಸಾಲುಗಳು ಈಗಲೂ ಕೆಳಕ್ಕೆ ಜಾರುತ್ತವೆ. ತಪ್ಪು ಟೀಚರಮ್ಮನದು, ನನ್ನದಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನಗೆ ಗೊತ್ತಲ್ಲ, ಫೋನು ಹಿಡಿದರೆ ನನ್ನ ಬಾಯಿಗೆ ಬೀಗ. ಮೇಲಾಗಿ ಈ ಸಲ ನಿನ್ನ ಫೋನೇ ಬರಲಿಲ್ಲ. ಹಿಂದಿನ ಮೂರು ಚಳಿಗಾಲವೂ ಕೊನೆಯ ರೇಸು ಮುಗಿದ ಸಂಜೆ ನೀನು ಫೋನು ಮಾಡಿದ್ದೆ. ಇದೆಯಾ ಅಂತ ಒಂದೇ ಮಾತು ನೀನು ಕೇಳುತ್ತಿದ್ದೆ. ಇದೆ ಅಕ್ಕ ಅಂತ ನಾನು ಅನ್ನುತ್ತಿದ್ದೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಅಪ್ಪನ ಕೆಮ್ಮು ಹೇಗಿದೆ ಅನ್ನುತ್ತಿದ್ದೆ. ನೀನು ಹಾಗೆ ಸುಮ್ಮನಿರುತ್ತಿದ್ದದ್ದು ಸಂತೋಷಕ್ಕೋ ಸಂಕಟಕ್ಕೋ ನನಗೆ ಇವತ್ತಿಗೂ ತಿಳಿದಿಲ್ಲ. ಈ ಶನಿವಾರ ಸಂಜೆ ಫೋನಿನ ಪಕ್ಕದಲ್ಲೇ ಕೂತಿದ್ದೆ. ಭಾನುವಾರವೂ ಕೂತೆ. ಅವಳು ರೇಡಿಯೋದಲ್ಲಿ ಕೇಳಿಬಿಟ್ಟಿದ್ದಾಳೆ, ಏಳು, ಊಟ ಮಾಡು ಅಂತ ಅಪ್ಪ ಎಬ್ಬಿಸಿದರು.

ಹೌದು ಅಕ್ಕ. ಸಾವಿರ ಮೀಟರಿನ ನಿನ್ನ ರೆಕಾರ್ಡು ಹೋಯಿತು. ನಿನ್ನದು ಒಂದು ನಿಮಿಷ ಹದಿನಾಲ್ಕು ಸೆಕೆಂಡು, ಮೇಲೆ ಮೂವತ್ತಾರು. ಅದನ್ನು ಮುರಿದ ಹುಡುಗಿಯದು ಒಂದು ನಿಮಿಷ ಹದಿನಾಲ್ಕು ಸೆಕೆಂಡು, ಮೇಲೆ ಮೂವತ್ತೊಂದು. ಸೆಕೆಂಡನ್ನು ನೂರು ಚೂರು ಮಾಡಿದರೆ ಅದರಲ್ಲಿ ಐದೇ ಚೂರು. ರೆಪ್ಪೆ ಬಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು ಅಂತ ಗಡಿಯಾರದ ಮಾಮ ಹೇಳಿದರು. ಇಡೀ ಜೀವಮಾನ ರೇಸಿನ ಸಮಯ ಹಿಡಿದವರು, ಅವರಿಗೆ ಗೊತ್ತಿರುತ್ತೆ.

ಉಳಿದದ್ದನ್ನು ನೀನು ಪೇಪರಿನಲ್ಲಿ ಓದಿರುತ್ತೀಯ. ಪೇಪರಿನವರಿಗೆ ಕಾಣದ್ದನ್ನು ನಾನು ಹೇಳುತ್ತೇನೆ.

ಆ ಹುಡುಗಿಗೆ ಹತ್ತೊಂಬತ್ತು ವರ್ಷ. ತಲೆ ಮೇಲೆ ಯಾವಾಗಲೂ ಒಂದು ಕೆಂಪು ಟೋಪಿ. ದೂರದ ದೇಶದವಳು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಹಾಗಾಗಿ ನಮ್ಮಿಬ್ಬರಿಗೂ ಬಹಳ ಚೆನ್ನಾಗಿ ಹೊಂದಿತು. ಗುರುವಾರ ಪ್ರಾಕ್ಟೀಸು ಮುಗಿಸಿ ರೆಕಾರ್ಡು ಬೋರ್ಡಿನ ಕೆಳಗೆ ನಿಂತು ನಿನ್ನ ಅಂಕಿಯನ್ನೇ ನೋಡುತ್ತಿದ್ದಳು. ನಾನು ಐಸು ನುಣುಪು ಮಾಡುವ ಯಂತ್ರ ಒರೆಸುತ್ತಿದ್ದೆ. ಅಂಕಿ ತೋರಿಸಿ, ತನ್ನನ್ನು ತೋರಿಸಿಕೊಂಡು, ನನ್ನಿಂದಾಗದು ಅನ್ನುವ ಹಾಗೆ ತಲೆಯಾಡಿಸಿದಳು. ನನಗೆ ಅದೇನು ಧೈರ್ಯ ಬಂತೋ. ನಿನ್ನ ಅಂಕಿ ತೋರಿಸಿದೆ, ನನ್ನ ಎತ್ತರಕ್ಕಿಂತ ಗೇಣು ಮೇಲೆ ಕೈ ಹಿಡಿದು ತೋರಿಸಿದೆ, ಕೊನೆಗೆ ನನ್ನ ಎದೆ ಮುಟ್ಟಿಕೊಂಡೆ. ಅವಳಿಗೆ ಅರ್ಥವಾಯಿತು. ಪಟ್ಟನೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತುಬಿಟ್ಟಳು, ನೀನೇ ಎದುರಿಗೆ ಬಂದ ಹಾಗೆ.

ಶುಕ್ರವಾರ ಗಡಿಯಾರದ ಮಾಮ ಬಂದು ಕೆಣಕಿದರು. ನಿಮ್ಮಕ್ಕನ ಜುಟ್ಟು ನಿನ್ನ ಕೈಯಲ್ಲಿದೆ ಕಣಮ್ಮಾ, ಒಂದೆರಡು ಡಿಗ್ರಿ ಹೆಚ್ಚಿಗೆ ತಣ್ಣಗೆ ಮಾಡಿಬಿಡು, ಐಸು ಗರಗರ ಅನ್ನುತ್ತೆ, ಬ್ಲೇಡು ಓಡಲ್ಲ, ನರಪಿಳ್ಳೆಗೂ ಗೊತ್ತಾಗಲ್ಲ ಅಂದರು. ಅಂದು ತಾವೇ ಗಾಬರಿಯಾಗಿ, ತಮಾಷೆಗೆ ಅಂದೆ ಕಣೇ, ನಿಮ್ಮಪ್ಪನಿಗೆ ಹೇಳಬೇಡ ಅಂತ ಬೇಡಿಕೊಂಡರು. ನಾನು ಮನೆಗೆ ಹೋದವಳೇ ಹೇಳಿದೆ. ಅಪ್ಪ ಕೆಮ್ಮುತ್ತಲೇ ಬೈದರು. ಐಸಿಗೆ ಅಕ್ಕನೂ ಇಲ್ಲ ತಂಗಿಯೂ ಇಲ್ಲ, ಒಳ್ಳೇ ಐಸು ಕೆಟ್ಟ ಐಸು ಎರಡೇ ಇರೋದು, ಆ ಗಡಿಯಾರಕ್ಕೆ ಸರಿಯಾಗಿ ಕೀಲಿ ಕೊಡೋರೇ ಇಲ್ಲ ಅಂದರು.

ನಾನು ನನ್ನ ಕೆಲಸ ಮಾಡಿದೆ, ಅಷ್ಟೆ.

ಶನಿವಾರ ಇಬ್ಬಿಬ್ಬರಾಗಿ ಓಡುವ ರೇಸಿನಲ್ಲಿ ಆ ಹುಡುಗಿಯದು ಕೊನೆಯ ಜೋಡಿ. ಹೊರಗಿನ ಲೇನಿನಿಂದ ಶುರು. ಆಚೆ ಬದಿಯಲ್ಲಿ ಲೇನು ಬದಲಿಸುವಾಗ ಇನ್ನೊಬ್ಬಳು ಎಲ್ಲಿ ಅಡ್ಡ ಬರುತ್ತಾಳೋ ಅಂತ ಗೇಟಿನ ಕಂಬಿ ಹಿಡಿದು ನೋಡುತ್ತಿದ್ದೆ. ಬರಲಿಲ್ಲ. ಕೊನೆಯ ತಿರುವು ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ನೀನು ಬಿದ್ದದ್ದು ಅಲ್ಲಿಯೇ ಅಲ್ಲವೇ, ಅಲ್ಲಿ ಯಾರು ಬಂದರೂ ನಾನು ಕಣ್ಣು ಮುಚ್ಚುತ್ತೇನೆ. ಸದ್ದು ಮಾತ್ರ ಕೇಳಿಸಿಕೊಂಡೆ. ಸರ್... ಸರ್... ಅಂತ ಉದ್ದಕ್ಕೆ ರೇಷ್ಮೆ ಹರಿದ ಹಾಗೆ, ನಡುವೆ ಒಂದು ತಡವರಿಕೆಯೂ ಇಲ್ಲ. ಐದು ವರ್ಷದ ಹಿಂದೆ ಕೇಳಿದ ಸದ್ದೇ. ಒಂದು ಗಳಿಗೆ ನೀನೇ ಅಂದುಕೊಂಡೆ ಅಕ್ಕ. ಕಣ್ಣು ಬಿಟ್ಟರೆ ಬೇರೆ ಬಣ್ಣದ ಬಟ್ಟೆ.

ಜನ ಎದ್ದು ಕೂಗುತ್ತಿದ್ದರು. ಅವಳು ತನ್ನ ದೇಶದ ಬಾವುಟ ಹಿಡಿದವರ ಕಡೆಗೆ ಹೋಗಲಿಲ್ಲ. ನೇರವಾಗಿ ಯಂತ್ರದ ಗೇಟಿಗೆ ಜಾರಿಕೊಂಡು ಬಂದು, ಮೊಣಕಾಲೂರಿ, ಬರಿಗೈಯನ್ನು ಐಸಿನ ಮೇಲೆ ಅಗಲವಾಗಿ ಇಟ್ಟು, ನನ್ನ ಕಡೆ ಬೆರಳು ತೋರಿಸಿದಳು. ಸಾವಿರಾರು ಜನ ನನ್ನತ್ತ ತಿರುಗಿದರು. ನಾನು ಓಡಿಹೋಗಿ ನೀರಿನ ಟ್ಯಾಂಕಿನ ಹಿಂದೆ ಅವಿತುಕೊಂಡೆ. ನಿನ್ನ ತಂಗಿಯ ಶೌರ್ಯ ಇಷ್ಟೇ ನೋಡು.

ಐಸು ಮಾಡಿದವರೇ ಏಣಿ ಹತ್ತಿ ಬೋರ್ಡಿನ ಅಂಕಿ ಬದಲಿಸಬೇಕು ಅನ್ನುವುದು ಇಲ್ಲಿನ ಪದ್ಧತಿ. ನೀನು ರೆಕಾರ್ಡು ಮಾಡಿದ ದಿನ ಅಪ್ಪ ಹತ್ತಿದ್ದರು, ನಾನು ಏಣಿ ಹಿಡಿದಿದ್ದೆ. ಅಪ್ಪಾ, ಆರು ವಾಲಿದೆ, ಸರಿ ಮಾಡಿ ಅಂತ ನೀನು ಕೆಳಗಿನಿಂದ ಕೂಗಿದ್ದೆ. ಲೋಕವನ್ನೇ ಗೆದ್ದವಳಿಗೆ ಆರು ವಾಲಿದ್ದೇ ಚಿಂತೆ ಅಂತ ಎಲ್ಲರೂ ನಕ್ಕಿದ್ದರು. ಈ ಸಲ ಶನಿವಾರವೇ ಬದಲಿಸಬೇಕಿತ್ತು. ನಾಳೆ ಮಾಡುತ್ತೇನೆ ಅಂತ ಮುಂದೂಡಿದೆ. ನಿನ್ನೆ ಅಪ್ಪ ಮಫ್ಲರು ಸುತ್ತಿಕೊಂಡು ಬಂದು, ಹತ್ತು, ನಾನು ಹಿಡಿಯುತ್ತೇನೆ ಅಂದರು. ಹತ್ತಿದ ಮೇಲೆಯೇ ನನಗೆ ಹೊಳೆದದ್ದು: ಐದು ಅಂಕಿಯಲ್ಲಿ ಬದಲಿಸಬೇಕಾದದ್ದು ಕೊನೆಯದು ಒಂದೇ. ಆರು ತೆಗೆದು ಒಂದು ಹಾಕಿದೆ. ಉಳಿದ ನಾಲ್ಕು ಅಪ್ಪ ಹಾಕಿದ್ದೇ, ನಿನ್ನವೇ. ಕೈಯೂ ತಾಗಿಸಲಿಲ್ಲ.

ನಿನ್ನ ಹೆಸರಿನ ಫಲಕ ಮಾತ್ರ ತೆಗೆಯಲೇಬೇಕಾಯಿತು. ಅಪ್ಪ ಅದನ್ನು ತೋಳಿನಿಂದ ಒರೆಸಿ, ಕೈಯಲ್ಲಿ ತೂಗಿ ನೋಡಿ, ಎಷ್ಟು ಹಗುರ ಇದೆ ನೋಡೇ, ನಾನು ಭಾರ ಇದೆ ಅಂದುಕೊಂಡಿದ್ದೆ ಅಂದು ಕೋಟಿನೊಳಗೆ ಇಟ್ಟುಕೊಂಡರು.

ಅಕ್ಕ, ಮೂರು ವರ್ಷದ ಹಿಂದೆ ನೀನು ಕೋಲೂರಿಕೊಂಡು ಇಲ್ಲಿಗೆ ಬಂದಿದ್ದೆಯಲ್ಲ, ಆ ದಿನ ನನಗೆ ಮರೆಯುವುದಿಲ್ಲ. ಮಕ್ಕಳು ಬೋರ್ಡು ನೋಡಿದರು, ಆಮೇಲೆ ನಿನ್ನ ಕಾಲು ನೋಡಿದರು, ಮತ್ತೆ ಬೋರ್ಡು ನೋಡಿದರು. ಅದು ಅಲ್ಲಿ ನೇತಾಡುತ್ತಿರುವ ತನಕ ನಾನಿಲ್ಲಿ ಮನುಷ್ಯಳಲ್ಲ ಕಣೇ, ಗೋಡೆ ಮೇಲಿನ ಫೋಟೋ ಅಂದು ನೀನು ಹೊರಟೇಬಿಟ್ಟೆ. ಬಸ್ ಡಿಪೋದ ಟಿಕೆಟ್ ಕಿಟಕಿಯಲ್ಲಿ ಕೆಲಸ ಸಿಕ್ಕಿದೆ, ಇಲ್ಲಿ ಜನರಿಗೆ ನನ್ನ ಕೈ ಮಾತ್ರ ಕಾಣುತ್ತದೆ, ಆರಾಮಾಗಿದ್ದೇನೆ ಅಂತ ಆಮೇಲೆ ನೀನು ಬರೆದೆ. ಆ ಕಾಗದವನ್ನು ನಾನು ಮೊದಲನೇ ಸಲ ಅಕ್ಷರ ಕೂಡಿಸಿಕೊಂಡು ಓದಿದೆ, ಎರಡನೇ ಸಲ ಅರ್ಥ ಮಾಡಿಕೊಂಡು ಓದಿದೆ. ಮೂರನೇ ಸಲ ಓದಲು ಆಗಲಿಲ್ಲ.

ಈಗ ಭಾನುವಾರ ಬೆಳಿಗ್ಗೆ ಹನ್ನೆರಡು ಮಕ್ಕಳು ಬರುತ್ತವೆ. ಕಲಿಸುವವರು ಯಾರೂ ನಿಲ್ಲುತ್ತಿಲ್ಲ. ಚೀಲ ಹರಿದು ಆಲೂಗಡ್ಡೆ ಚೆಲ್ಲಿದ ಹಾಗೆ ಬೀಳುತ್ತವೆ. ಮುಂದಿನ ಹಲ್ಲು ಬಿದ್ದ ಒಂದು ಪುಟ್ಟಿ ಇದ್ದಾಳೆ. ತಿರುವಿನಲ್ಲಿ ಯಾವ ಕಾಲಿನ ಮೇಲೆ ಭಾರ ಹಾಕಬೇಕು ಆಂಟೀ ಅಂತ ನನ್ನನ್ನು ಕೇಳುತ್ತಾಳೆ. ನನಗೇನು ಗೊತ್ತು? ಐಸು ಮಾಡಲು ಬರುತ್ತದೆಯೇ ಹೊರತು ಅದರ ಮೇಲೆ ಎರಡು ಹೆಜ್ಜೆ ಇಡಲು ಬರುವುದಿಲ್ಲ. ಗೊತ್ತಿರುವವರು ಒಬ್ಬರಿದ್ದಾರೆ, ಟಿಕೆಟ್ ಹರಿಯುತ್ತಾ ಕೂತಿದ್ದಾರೆ ಅಂದೆ. ಹಾಗಂದರೆ ಏನು ಆಂಟೀ ಅಂದಳು.

ಬಾ ಅಂತ ಹೇಳುತ್ತಿಲ್ಲ. ಹೇಳುವಷ್ಟು ದೊಡ್ಡವಳಲ್ಲ ನಾನು. ಬೋರ್ಡಿನ ಕೆಳಗೆ ಈಗ ಯಾರು ಬೇಕಾದರೂ ನಿಲ್ಲಬಹುದು ಅಂತ ಮಾತ್ರ ಹೇಳುತ್ತಿದ್ದೇನೆ. ಸಿಟ್ಟಿದ್ದರೆ ಸಿಟ್ಟು ಅಂತಲೇ ಬರೆ. ದುಃಖವಾಗಿದ್ದರೆ ಅದನ್ನೂ ಬರೆ. ಸುಮ್ಮನೆ ಮಾತ್ರ ಇರಬೇಡ. ನೀನು ಸುಮ್ಮನಿದ್ದರೆ ಅದನ್ನು ಓದಲು ನನಗೆ ಯಾರೂ ಕಲಿಸಿಲ್ಲ.

ಅಪ್ಪನ ಕೆಮ್ಮು ಪರವಾಗಿಲ್ಲ.

ನಿನ್ನ
ಬಕೆಟ್ಟು
(ನೀರು ಹೊತ್ತು ತಂದು ಐಸಿನ ತೂತು ಮುಚ್ಚುತ್ತಿದ್ದಾಗ ನೀನೇ ಇಟ್ಟ ಹೆಸರು. ಈಗ ಬೇರೆ ಯಾರೂ ಹಾಗೆ ಕರೆಯುವುದಿಲ್ಲ.)

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ನನ್ನ ಕೆಲಸ ಮಾಡಿದೆ ಅಷ್ಟೆ ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ಮಾಮೂಲಿ ರೇಸಿಗೆ ಒಂದು ಸಲ ನೀರು ಹಾಯಿಸಿದರೆ ಸಾಕು. ಶನಿವಾರ ಬೆಳಕು ಹರಿಯುವಾಗಲೇ ಬಂದು, ಹಳೆಯ ಪದರ ಹೆರೆದು, ಸೋಸಿದ ಬಿಸಿನೀರನ್ನು ಕಾಗದದಷ್ಟು ತೆಳ್ಳಗೆ ಮೂರು ಸಲ ಹಾಯಿಸಿದೆ. ಒಂದೊಂದು ಪದರ ಗಟ್ಟಿಯಾಗುವ ತನಕ ಕಾದೆ. ಅಂಥ ಐಸಿನ ಮೇಲೆ ಬ್ಲೇಡು ತಾನಾಗಿ ಓಡುತ್ತದೆ. ತೇವ ಬರದಿರಲಿ ಅಂತ ಬಾಗಿಲೆಲ್ಲ ಮುಚ್ಚಿ, ಗುಡಿಸುವವರನ್ನೂ ಹೊರಗೆ ನಿಲ್ಲಿಸಿದೆ. ಅಪ್ಪ ಹಾಗೆ ಮಾಡಿದ್ದು ಒಂದೇ ಸಲ, ನಿನ್ನ ರೇಸಿನ ದಿನ. ಈ ಶನಿವಾರ ಓಡಿದವರಿಗೆಲ್ಲ ಅದೇ ಐಸು ಸಿಕ್ಕಿತು, ಅದರಲ್ಲಿ ಮೋಸವಿಲ್ಲ. ಆದರೆ ನಾನು ಮಾಡಿದ್ದು ಓಡುವವರಿಗಾಗಿ ಅಲ್ಲ, ಆ ಕೆಂಪು ಟೋಪಿಯವಳಿಗಾಗಿಯೂ ಅಲ್ಲ. ಆ ಅಂಕಿ ಇಳಿದರೆ ನೀನು ಒಳಗೆ ಬಂದೀಯೇನೋ ಅಂತ. ತಪ್ಪಾಗಿದ್ದರೆ ಬೈಯುವುದಕ್ಕಾದರೂ ಬಾ.

ಇವತ್ತು ಬೆಳಿಗ್ಗೆ ಪಕ್ಕದ ಬಾಗಿಲಿನಿಂದ ತಿರುವಿನ ಬೆಂಚಿನವರೆಗೂ ರಬ್ಬರ್ ಚಾಪೆ ಹಾಸಿದೆ. ನಾನೇ ನಿನ್ನ ಹಾಗೆ ಕೋಲು ಊರಿ ನಡೆದು ನೋಡಿದೆ. ಜಾರುವುದಿಲ್ಲ.