ಎರಡು ಸಾವಿರ ಸಲ ಒರೆಸಿದ ಬಾಗಿಲು

ಮುನಿಸಿಕೊಂಡು ಮನೆಯಲ್ಲಿ ಕೂತಿರುವ ನನ್ನ ಮಾವನಿಗೆ,

ನೀನು ಇನ್ಸ್‌ಪೆಕ್ಟರಮ್ಮ ಎಂದು ರೇಗಿಸುವ ನಾನು ಮಾಡುವ ನಮಸ್ಕಾರಗಳು. ಫೋನ್ ಮಾಡಿದಾಗಲೆಲ್ಲ ಅತ್ತೆ ಎತ್ತಿ, "ಮಲಗಿದಾರೆ ಕಣೇ" ಅನ್ನುತ್ತಾಳೆ. ಬೆಳಗ್ಗೆ ಹತ್ತಕ್ಕೂ ಮಲಗಿರುತ್ತೀಯ, ಸಂಜೆ ಐದಕ್ಕೂ ಮಲಗಿರುತ್ತೀಯ. ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವನಿಗೆ ಅಷ್ಟು ನಿದ್ದೆ ಬಾಕಿ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಅತ್ತೆಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳುವ ಮೊದಲು ಒಂದು ಸಲ ಕೆಮ್ಮುತ್ತಾಳೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಮಾತ್ರೆ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುವವನು ನೀನು, ಇದನ್ನೂ ಓದುತ್ತೀಯ.

ಆ ಸೋಮವಾರ ಎಂಟು ಜನ ಮೆಕ್ಯಾನಿಕ್‌ಗಳ ಎದುರಿಗೆ ನಾನು ಆಡಿದ ಮಾತಿಗೆ ಕ್ಷಮೆ ಕೇಳುತ್ತೇನೆ. ಆಡಿದ ರೀತಿಗೆ ಪೂರ್ತಿ ಕ್ಷಮೆ. ಆದರೆ ಮಾತಿನೊಳಗಿದ್ದ ವಿಷಯವನ್ನು ಬಿಟ್ಟುಕೊಡಲಾರೆ. ಹಠಮಾರಿ ಅನ್ನಬೇಕೆನಿಸಿದರೆ ಅನ್ನು, ಆ ಹಠ ತನ್ನ ತವರಿನಿಂದಲೇ ಬಂದದ್ದು ಎಂದು ಅಮ್ಮ ದಿನಾ ಹೇಳುತ್ತಾಳೆ.

ನಾನು ಈ ಎಐ ಹಿಂದೆ ಬಿದ್ದದ್ದು ಶೋಕಿಗಲ್ಲ ಮಾವ. ಅಪ್ಪ ಹೋಗಿ ಆರು ವರ್ಷವಾಯಿತು. ಈ ಲಿಫ್ಟ್ ಕಂಪನಿಯಲ್ಲಿ ಅವನ ಕುರ್ಚಿಯ ಮೇಲೆ ಕೂತಾಗಿನಿಂದ ನನ್ನ ತಲೆ ತಿನ್ನುತ್ತಿದ್ದದ್ದು ಒಂದೇ ಸಂಗತಿ. ಕಿಡ್ನಿ ರೋಗಿಗಳು ಬರುವ ಆ ಮೂರನೇ ಮಹಡಿಯ ಕ್ಲಿನಿಕ್ ನೆನಪಿದೆಯಲ್ಲ. ಅಲ್ಲಿ ಲಿಫ್ಟ್ ನಿಂತಿತೆಂದು ಫೋನ್ ಬಂದರೆ ನಮ್ಮವನು ಓಡುತ್ತಾನೆ, ತೆರೆದು ನೋಡುತ್ತಾನೆ, ಬೇಕಾದ ಸಾಮಾನು ಚೀಲದಲ್ಲಿಲ್ಲವೆಂದು ವಾಪಸ್ ಬರುತ್ತಾನೆ. ಅಷ್ಟು ಹೊತ್ತಿಗೆ ಕೆಳಗೆ ಕಾದು ಸುಸ್ತಾದ ರೋಗಿಯನ್ನು ಇಬ್ಬರು ಕುರ್ಚಿಯ ಸಮೇತ ಮೆಟ್ಟಿಲಲ್ಲಿ ಹೊತ್ತಿರುತ್ತಾರೆ. ಹೊರಡುವ ಮುಂಚೆಯೇ ಚೀಲದಲ್ಲಿ ಏನಿರಬೇಕೆಂದು ತಿಳಿದರೆ ಸಾಕಿತ್ತು. ನಿನಗೆ ಅದು ಫೋನಿನಲ್ಲಿ ಸದ್ದು ಕೇಳಿಯೇ ತಿಳಿಯುತ್ತದೆ. ಉಳಿದ ಎಂಟು ಜನರಿಗೆ ತಿಳಿಯುವುದಿಲ್ಲ, ಮತ್ತು ನಿನ್ನ ಮಂಡಿ ಇನ್ನೆಷ್ಟು ವರ್ಷ ಮೆಟ್ಟಿಲು ಹತ್ತೀತು.

ಹಾಗಾಗಿ ಹದಿನೈದು ವರ್ಷದ ಸರ್ವಿಸ್ ರಿಪೋರ್ಟುಗಳನ್ನೆಲ್ಲ ಆ ಯಂತ್ರಕ್ಕೆ ಓದಲು ಕೊಟ್ಟೆ. ಏಳು ಸಾವಿರಕ್ಕೂ ಹೆಚ್ಚು ರಿಪೋರ್ಟು. ನಮ್ಮ ಅನುಭವವೆಲ್ಲ ಅದರೊಳಗೆ ಇಳಿಯುತ್ತದೆಂದು ಬೀಗಿದೆ, ನಿಮ್ಮನ್ನೆಲ್ಲ ಕರೆದು ಪರದೆಯ ಮುಂದೆ ಕೂರಿಸಿದೆ. ಬ್ರೇಕ್ ಹಾಕುವಾಗ ಕಿರ್ ಅನ್ನುತ್ತಿದೆ, ಏನು ಮಾಡಬೇಕು ಎಂದು ಕೇಳಿದೆ. ಬಾಗಿಲ ಹಳಿ ಸ್ವಚ್ಛಗೊಳಿಸಿ ಅಂದಿತು. ಎರಡು ಮಹಡಿಗಳ ನಡುವೆ ನಿಲ್ಲುತ್ತಿದೆ ಅಂದೆ. ಬಾಗಿಲ ಹಳಿ ಸ್ವಚ್ಛಗೊಳಿಸಿ. ಒಳಗಿನ ದೀಪ ಹತ್ತುತ್ತಿಲ್ಲ ಅಂದರೂ ಅದೇ ಗಿಳಿಪಾಠ. ನಮ್ಮ ಗೊಣಗಪ್ಪ ಹಿಂದಿನ ಸಾಲಿನಿಂದ, "ಇಷ್ಟು ಹೇಳೋಕೆ ಒಂದು ಪೊರಕೆ ಸಾಕಿತ್ತಲ್ಲ ಮೇಡಂ" ಅಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ನೀನೂ ನಕ್ಕೆ.

ಆ ಯಂತ್ರವನ್ನು ಹೊಂದಿಸಲು ಬಂದಿದ್ದ ಹುಡುಗಿ ಮಾತ್ರ ನಗಲಿಲ್ಲ. "ಇದು ತಪ್ಪು ಹೇಳ್ತಿಲ್ಲ ಮೇಡಂ, ನೀವು ಕೊಟ್ಟಿದ್ದನ್ನೇ ವಾಪಸ್ ಕೊಡ್ತಿದೆ" ಅಂದಳು. ರಿಪೋರ್ಟುಗಳನ್ನು ತೆರೆದು ತೋರಿಸಿದಳು. "ಬಾಗಿಲ ಹಳಿ ಸ್ವಚ್ಛಗೊಳಿಸಲಾಗಿದೆ. ಲಿಫ್ಟ್ ಸರಿಯಿದೆ." ಎರಡು ಸಾವಿರಕ್ಕೂ ಹೆಚ್ಚು ಸಲ ಅದೇ ಸಾಲು. ಕೆಳಗಿನ ಸಹಿಗಳಲ್ಲಿ ಎಲ್ಲರಿಗಿಂತ ಹೆಚ್ಚು ನಿನ್ನವು. ನನಗೆ ಮೈಯೆಲ್ಲ ಉರಿಯಿತು. "ಇಲ್ಲಿ ಎಲ್ಲರಿಗಿಂತ ದೊಡ್ಡ ಸುಳ್ಳುಗಾರ ನಮ್ಮ ಮನೆಯವನೇ" ಎಂದುಬಿಟ್ಟೆ.

ನೀನು ಚೀಲದಿಂದ ಮೋಟರ್ ರೂಮುಗಳ ಬೀಗದ ಕೈಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಚೀಲವನ್ನೂ ಅಲ್ಲೇ ಬಿಟ್ಟು ಹೊರಟುಹೋದೆ. ಆಮೇಲೆ ಯಾರೂ ನಗಲಿಲ್ಲ ಮಾವ.

ನಿನ್ನ ಮೇಲಿನ ಸಿಟ್ಟಿನಲ್ಲೇ ಆ ರಿಪೋರ್ಟುಗಳನ್ನು ಒಂದೊಂದಾಗಿ ನೋಡುತ್ತ ಕೂತೆ. ಯಾವುದು ನಿಜ, ಯಾವುದು ಸುಳ್ಳು ಎಂದು ಬೇರೆ ಮಾಡಿ, ನಿಜದ್ದನ್ನಷ್ಟೇ ಯಂತ್ರಕ್ಕೆ ಕೊಡೋಣವೆಂದುಕೊಂಡೆ. ತಾರೀಕು ನೋಡಿದರೆ ಕೆಲವು ದಿನಗಳು ನನಗೂ ನೆನಪಾಗುತ್ತಿದ್ದವು. ವೃದ್ಧರ ವಸತಿಯಲ್ಲಿ ಕಾವಲಿನವನು ನೆಲ ತೊಳೆದ ನೀರೆಲ್ಲ ಲಿಫ್ಟಿನ ಗುಂಡಿಗೆ ಹೋಗಿ ಎರಡು ದಿನ ಲಿಫ್ಟ್ ಕೆಟ್ಟು ನಿಂತಿತ್ತು. ನಿಜ ಬರೆದಿದ್ದರೆ ಆ ಮನುಷ್ಯನ ನೌಕರಿ ಹೋಗುತ್ತಿತ್ತು. ನೀನು ಬಾಗಿಲ ಹಳಿ ಎಂದು ಬರೆದಿದ್ದೀಯ. ಗೊಣಗಪ್ಪ ತಪ್ಪು ಫ್ಯೂಸ್ ಹಾಕಿ ಪ್ಯಾನೆಲ್ ಸುಟ್ಟ ದಿನವೂ ಬಾಗಿಲ ಹಳಿಯೇ. ಅವನು ಆಗಿನ್ನೂ ಅದು ಯಾರಿಗೂ ಗೊತ್ತಿಲ್ಲವೆಂದೇ ತಿಳಿದಿದ್ದ. ಓದುತ್ತ ಹೋದಂತೆ ನನ್ನ ಸಿಟ್ಟಿನ ಕಾವು ಇಳಿಯಿತು, ಅದರ ಜಾಗಕ್ಕೆ ಹೆದರಿಕೆ ಬಂತು. ಯಾಕೆಂದರೆ ನಾನು ಹುಡುಕಬೇಕಾದ ತಾರೀಕು ಒಂದಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಕೆಲಸ ಕಲಿಯಲು ಬಂದ ಎರಡನೇ ವರ್ಷ ನೀನು ನನ್ನನ್ನು ಮೊದಲ ಸಲ ಒಬ್ಬಳನ್ನೇ ಆ ಗ್ರಂಥಾಲಯದ ಕಟ್ಟಡಕ್ಕೆ ಕಳಿಸಿದ್ದೆ. ಬಾಗಿಲ ಲಾಕ್ ಪರೀಕ್ಷೆ ಮಾಡಲು ಪ್ಯಾನೆಲ್‌ನಲ್ಲಿ ಒಂದು ವೈರ್ ಸಿಕ್ಕಿಸಿಕೊಳ್ಳುತ್ತೇವೆ. ಅದಿದ್ದಷ್ಟು ಹೊತ್ತು ಬಾಗಿಲು ತೆರೆದಿದ್ದರೂ ಲಿಫ್ಟ್ ಓಡುತ್ತದೆ. ಕೆಲಸ ಮುಗಿದ ಕೂಡಲೇ ತೆಗೆಯಲೇಬೇಕು. ನಾನು ತೆಗೆಯಲಿಲ್ಲ, ಮರೆತು ಬಂದೆ. ಮಾರನೆಯ ದಿನ ಬೆಳಗ್ಗೆ ನೀನು ಯಾಕೋ ಮನಸ್ಸು ತಡೆಯದೆ ಅಲ್ಲಿಗೆ ಹೋಗಿ ನೋಡಿದೆ. ಆಫೀಸಿಗೆ ಬಂದು ಆ ವೈರನ್ನು ನನ್ನ ಅಂಗೈಯಲ್ಲಿಟ್ಟು, "ಇದು ನಿಂದೇನೇ?" ಅಂದೆ. ಬೈಯಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ನಾನು ಎರಡು ದಿನ ಊಟ ಬಿಟ್ಟೆ, ಮೂರನೆಯ ದಿನ ಮರೆತವಳಂತೆ ಇದ್ದೆ. ಆ ಬೆಳಗ್ಗೆಯ ರಿಪೋರ್ಟು ಈಗ ನನ್ನೆದುರಿಗಿದೆ. ಬಾಗಿಲ ಹಳಿ ಸ್ವಚ್ಛಗೊಳಿಸಲಾಗಿದೆ, ಲಿಫ್ಟ್ ಸರಿಯಿದೆ, ಕೆಳಗೆ ನಿನ್ನ ಸಹಿ.

ನಾನು ಸುಳ್ಳುಗಾರ ಎಂದದ್ದು ಆ ಸಹಿಗೆ.

ಆದರೂ ಕೇಳು. ಮೂರು ವರ್ಷದ ಮೇಲೆ ಇನ್ನೊಂದು ಕಟ್ಟಡದಲ್ಲಿ ಇನ್ನೊಬ್ಬ ಅದೇ ಥರ ವೈರ್ ಬಿಟ್ಟು ಬಂದ. ಒಳಗೆ ಕಾಲಿಡುತ್ತಿದ್ದ ಡಾಕ್ಟರಮ್ಮ ಕೂದಲೆಳೆಯಲ್ಲಿ ಪಾರಾದರು. ಅವತ್ತು ಅವನನ್ನು ಹಿಗ್ಗಾಮುಗ್ಗಾ ಬೈದವಳು ನಾನೇ, ನಾನು ಮಾಡಿದ್ದನ್ನು ಮಾತ್ರ ಬಾಯಿ ಬಿಡಲಿಲ್ಲ. ನನ್ನ ತಪ್ಪು ಮೊದಲೇ ಬರಹದಲ್ಲಿದ್ದಿದ್ದರೆ ಆ ಹೊತ್ತಿಗೆ ನಾವು ವೈರುಗಳನ್ನು ಎಣಿಸಿಕೊಂಡು ಬರುವ ರೂಢಿ ಮಾಡಿಕೊಂಡಿರುತ್ತಿದ್ದೆವು. ನೀನು ನನ್ನನ್ನು ಕಾಪಾಡಿದೆ ಮಾವ, ಡಾಕ್ಟರಮ್ಮನನ್ನು ಕಾಪಾಡಲಿಲ್ಲ. ಇದನ್ನು ನಿನಗೆ ಹೇಳಲು ನನ್ನ ಹೊರತು ಬೇರೆ ಯಾರಿಗೂ ಧೈರ್ಯ ಬರುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಮೊನ್ನೆ ಸೋಮವಾರ ಅದೇ ಕೋಣೆಯಲ್ಲಿ ಅದೇ ಎಂಟು ಜನರನ್ನು ಕೂರಿಸಿ, ಆ ವೈರಿನ ವಿಷಯವನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡು ಬಂದು ಓದಿದೆ. ಕೊನೆಯಲ್ಲಿ ನನ್ನ ಸಹಿ. ನಿಜ ಬರೆದವನಿಗೆ ಈ ಕಂಪನಿಯಲ್ಲಿ ಶಿಕ್ಷೆ ಇರುವುದಿಲ್ಲ ಎಂದು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ಆಮೇಲೆ ಗೊಣಗಪ್ಪ ಎದ್ದು ನಿಂತು, ಶರ್ಟಿನ ಗುಂಡಿ ತಿರುವುತ್ತ, "ನಂದೂ ಒಂದು ಫ್ಯೂಸಿನ ಕತೆ ಇದೆ" ಅಂದ. ನನಗೆ ಗೊತ್ತು ಅನ್ನಲಿಲ್ಲ, ಸುಮ್ಮನೆ ಕೇಳಿದೆ. ಮಧ್ಯಾಹ್ನದೊಳಗೆ ಹನ್ನೊಂದು ನಿಜವಾದ ರಿಪೋರ್ಟುಗಳಾದವು.

ಈಗ ಕೆಲಸವನ್ನು ಬೇರೆ ರೀತಿ ಶುರು ಮಾಡಿದ್ದೇನೆ. ನೂರ ಎಂಬತ್ತು ಲಿಫ್ಟುಗಳ ಗೊಡವೆ ಬಿಟ್ಟು ಒಂದೇ ಬಗೆಯ ಹದಿನಾಲ್ಕು ಲಿಫ್ಟುಗಳನ್ನು ಆರಿಸಿಕೊಂಡಿದ್ದೇವೆ, ಕ್ಲಿನಿಕ್ಕಿನದೂ ಅದರಲ್ಲಿದೆ. ಯಂತ್ರವನ್ನು ಕೇಳುವ ಪ್ರಶ್ನೆಯೂ ಒಂದೇ, ಚೀಲದಲ್ಲಿ ಏನು ಒಯ್ಯಬೇಕು ಎಂದು. ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ಕಾವಲಿನವನ ಮೇಜಿನ ಮೇಲೆ ನಿಂತುಕೊಂಡೇ ಬರೆ ಅಂದರೆ ಯಾರು ತಾನೇ ಉದ್ದ ಬರೆಯುತ್ತಾರೆ, ಅದು ನನಗೆ ಮೊದಲೇ ಹೊಳೆಯಬೇಕಿತ್ತು. ಈಗ ಕೆಲಸ ಮುಗಿಸಿ ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ, ನಾವು ಓದಿ ತಿದ್ದುತ್ತೇವೆ. ಮೂರು ತಿಂಗಳು ಅದು ಹೇಳಿದ್ದನ್ನೂ ಮೆಕ್ಯಾನಿಕ್ ಕಂಡದ್ದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಬ್ರೇಕು, ಬಾಗಿಲ ಲಾಕಿನ ವಿಷಯದಲ್ಲಿ ಅದರ ಮಾತು ನಡೆಯುವುದಿಲ್ಲ, ಮನುಷ್ಯನೇ ನೋಡಿ ಸಹಿ ಹಾಕಬೇಕು. ಆ ಹುಡುಗಿ, "ಇಷ್ಟು ಚಿಕ್ಕದಾಗಿ ಶುರು ಮಾಡೋರು ಕಮ್ಮಿ ಮೇಡಂ" ಅಂದಳು. ಒಂದು ಸಲ ದೊಡ್ಡದಾಗಿ ಶುರು ಮಾಡಿ ಮುಖಭಂಗ ಆಗಿದೆ, ಸಾಕು ಅಂದೆ.

ಹನ್ನೊಂದು ರಿಪೋರ್ಟಿನಿಂದ ಯಂತ್ರ ಕಲಿಯುವುದು ಅಷ್ಟಕ್ಕಷ್ಟೇ. ಉಳಿದದ್ದೆಲ್ಲ ನಿನ್ನ ತಲೆಯಲ್ಲಿದೆ. ನೀನು ಕೈ ಕೊಟ್ಟರೆ ಇದು ಇಲ್ಲಿಗೇ ನಿಲ್ಲುತ್ತದೆ, ಮುಚ್ಚುಮರೆ ಮಾಡುವುದಿಲ್ಲ.

ನಿನ್ನೆ ಸ್ಟೋರ್ ರೂಮ್ ಗುಡಿಸಿದೆವು. ಕಬ್ಬಿಣದ ಬೀರುವಿನ ಹಿಂದೆ ಒಂದು ಗೋಣಿಚೀಲ ಸಿಕ್ಕಿತು. ಒಳಗೆ ಬಾಗಿಲು ಜಾರುವ ನಲವತ್ತಮೂರು ರೋಲರುಗಳು, ಎಲ್ಲವೂ ಸೀಳಿದ್ದವು. ಒಂದೊಂದರ ಮೇಲೂ ನಿನ್ನ ಅಕ್ಷರದಲ್ಲಿ ಕಟ್ಟಡದ ಹೆಸರು, ತಾರೀಕು. ಅಪ್ಪ ಯಾರ ಮಾತೂ ಕೇಳದೆ ಹೊಸ ವ್ಯಾಪಾರಿಯಿಂದ ಕಳಪೆ ರೋಲರ್ ತರಿಸಿದ ವರ್ಷದವು. ಆ ತಾರೀಕುಗಳು ಬರುವ ಎರಡು ತಿಂಗಳ ರಿಪೋರ್ಟುಗಳಲ್ಲಿ ಬಾಗಿಲ ಹಳಿಯ ಸಾಲು ಸರಿಯಾಗಿ ನಲವತ್ತಮೂರು ಸಲ ಇದೆ. ಭಾವನ ಮರ್ಯಾದೆ ಉಳಿಸಲು ಒಬ್ಬನೇ ಕಟ್ಟಡದಿಂದ ಕಟ್ಟಡಕ್ಕೆ ಹೋಗಿ ಸದ್ದಿಲ್ಲದೆ ಬದಲಾಯಿಸಿದ್ದೀಯ. ಆದರೆ ಸೀಳಿದ್ದನ್ನು ಎಸೆಯಲು ನಿನಗೆ ಮನಸ್ಸಾಗಲಿಲ್ಲ. ಸುಳ್ಳುಗಾರನಾಗಿದ್ದರೆ ಎಸೆದಿರುತ್ತಿದ್ದೆ ಮಾವ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಎಂಟು ಜನರ ಎದುರಿಗೇ.

ಗುರುವಾರ ಬೆಳಗ್ಗೆ ಎಂಟಕ್ಕೆ ಆ ಚೀಲ ಹೊತ್ತುಕೊಂಡು ನಿನ್ನ ಮನೆಗೆ ಬರುತ್ತೇನೆ. ಮಲಗಿದ್ದರೆ ಏಳುವವರೆಗೂ ಕೂತಿರುತ್ತೇನೆ. ಒಂದೊಂದೇ ರೋಲರ್ ನಿನ್ನ ಕೈಗೆ ಕೊಡುತ್ತೇನೆ, ಅವತ್ತು ನಡೆದದ್ದನ್ನು ನೀನು ಹೇಳು. ಅಪ್ಪನ ಹೆಸರು ಬಂದಾಗ ನನ್ನ ಮುಖ ನೋಡಿ ಮಾತು ನಿಲ್ಲಿಸಬೇಡ. ನಾನು ಅವನ ಮಗಳು, ಅವನ ಹೆಸರಿನ ಭಾರ ಇನ್ನು ಮುಂದೆ ನಾನು ಹೊರುತ್ತೇನೆ.

ನಿನ್ನ ಮಂಡಿನೋವು ಕಡಿಮೆಯಾಗಲಿ, ಅತ್ತೆಯ ಕೆಮ್ಮು ನಿಲ್ಲಲಿ.

ಇಂತಿ, ಗುರುವಾರ ತಪ್ಪದೆ ಬರುವ
ನಿನ್ನ ಅಕ್ಕನ ಮಗಳು