ಅಪ್ಪನ ಎಡಗಡೆಯ ಕುರ್ಚಿ

ಮಾರ್ಚ್ 3, ಭಾನುವಾರ, ಸಂಜೆ 4

ಸಪ್ತಸಾಗರ ಪರ್ಯಂತ ಕೀರ್ತಿವೆತ್ತ, ನೂರಹನ್ನೆರಡು ಅಂಗಿಗುಂಡಿಗಳ ಏಕಚಕ್ರಾಧಿಪತಿ, ದಿನಚರಿ ಮಹಾಪ್ರಭುಗಳ ಪಾದಾರವಿಂದಗಳಿಗೆ ಎಡಗಡೆ ಕುರ್ಚಿಯ ಖಾಯಂ ದಾಸನ ಸಾಷ್ಟಾಂಗ ಪ್ರಣಾಮಗಳು. ಇವತ್ತೂ ಸೋತೆ.

ಎರಡು ರಾಣಿ ಸಿಕ್ಕಿದ್ದವು. ಏನು ಪ್ರಯೋಜನ? ನಮ್ಮ ಮನೆಯ ಪೋಕರಿನಲ್ಲಿ ಇಸ್ಪೀಟ್ ಎಲೆ ಹಂಚುವವರು ಯಾವಾಗಲೂ ಅಪ್ಪ. ಅವರ ಎಡಕ್ಕೆ ನಾನು, ನನ್ನ ಎಡಕ್ಕೆ ಅಕ್ಕ. ಪಣ ಹೇಳಲು ಮೊದಲು ಬಾಯಿ ಬಿಡಬೇಕಾದವನು ನಾನು. ಉಳಿದಿಬ್ಬರು ನನ್ನ ಮುಖ ನೋಡಿಕೊಂಡು ತೀರ್ಮಾನಿಸುತ್ತಾರೆ. ಪಣ ದುಡ್ಡಲ್ಲ, ಅಂಗಿಗುಂಡಿ. ಮಿತಿಯೂ ಇಲ್ಲ — ಮನಸ್ಸು ಬಂದರೆ ಇದ್ದಬದ್ದ ಗುಂಡಿಯನ್ನೆಲ್ಲ ಒಂದೇ ಸಲ ತಳ್ಳಬಹುದು. ಬೇರೆ ಕಡೆ ಹಂಚುವ ಸರದಿ ಸುತ್ತುತ್ತದಂತೆ. ಹೋದ ವಾರವಷ್ಟೇ ಗೊತ್ತಾಯಿತು. ಒಂಬತ್ತು ವರ್ಷ ಇದೇ ಕುರ್ಚಿ!

"ಇದು ಮೋಸ," ಎಂದೆ.

"ಮೋಸ ಅಲ್ಲ ಕಣೋ, ಟ್ರೇನಿಂಗ್." ಅಪ್ಪ ಕಣ್ಣಿಗೆ ಸಿಕ್ಕಿಸಿದ ಗಡಿಯಾರ ರಿಪೇರಿಯ ಲೆನ್ಸ್ ಕೂಡ ತೆಗೆಯಲಿಲ್ಲ. "ಮೊದಲು ಮಾತಾಡೋ ಜಾಗದಲ್ಲಿ ಒಳ್ಳೆ ಎಲೆ ಬಂದ್ರೆ ದೊಡ್ಡದಾಗಿ ಏರಿಸು, ಇಲ್ಲಾ ಕಲ್ಲಿನ ಹಾಗೆ ಕೂತ್ಕೋ. ನೀನು ಹಲ್ಲು ಕಿರೀತೀಯ."

"ಕಿರೀಲಿ ಬಿಡಿ," ಎಂದಳು ಅಕ್ಕ. "ಈ ಕೋತಿ ನಗದೇ ಇದ್ರೇನೇ ನಂಗೆ ಭಯ."

ಮಾರ್ಚ್ 10

ಆಟವಿಲ್ಲ. ಅಪ್ಪ ಆಸ್ಪತ್ರೆಯಲ್ಲಿ.

ಏಪ್ರಿಲ್ 14, ಭಾನುವಾರ

ಅಪ್ಪ ಹೋಗಿ ಇಪ್ಪತ್ತಾರು ದಿನ. ಏನೂ ಅನಿಸುವುದಿಲ್ಲ, ಮಹಾಪ್ರಭು. ಹಲ್ಲು ಕೀಳಿಸಿಕೊಂಡ ಕೆನ್ನೆಯ ಹಾಗೆ — ಒತ್ತಿದರೆ ಒತ್ತಿದ್ದು ಗೊತ್ತಾಗುತ್ತದೆ, ಅಷ್ಟೆ. ಅಂಗಡಿ ತೆರೆದೆ. ಗಡಿಯಾರಗಳಿಗೆ ಕೀ ಕೊಟ್ಟೆ. ಮುಚ್ಚಿದೆ.

ಅಂಗಡಿಗೂ ಅಮ್ಮನಿಗೂ ಒಬ್ಬರು ಇರಬೇಕು. ಅಕ್ಕನಿಗೆ ದೂರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸದ ಆರ್ಡರ್ ಬಂದಿದೆ. ನನ್ನ ಹತ್ತಿರ ನಾಟಕ ಶಾಲೆಯ ಸೀಟಿನ ಪತ್ರ. ಎರಡರಲ್ಲೂ ಸೇರಬೇಕಾದ್ದು ಮೇ ಮೊದಲ ವಾರ.

"ಆಡೇ ತೀರ್ಮಾನ ಮಾಡೋಣ. ಗೆದ್ದವರು ಹೊರಡೋದು," ಎಂದೆ.

ಬೈಯುತ್ತಾಳೆ ಅಂದುಕೊಂಡೆ. "ಸರಿ. ಮುಂದಿನ ಭಾನುವಾರ," ಎಂದಳು.

ಏಪ್ರಿಲ್ 21, ಭಾನುವಾರ, ಸಂಜೆ 5

ಅಮ್ಮ ಅಪ್ಪನ ಕುರ್ಚಿಯಲ್ಲಿ ಕೂತು ಹಂಚಿದಳು. "ಸರದಿ ಬದಲಿಸೋಣ್ವಾ?" ಅಕ್ಕನೇ ಕೇಳಿದಳು. ಬೇಡ ಎಂದೆ.

ಒಂದು ಗಂಟೆ ಗುಂಡಿಗಳು ಅತ್ತಿಂದಿತ್ತ ಓಡಾಡಿದವು. ಆಮೇಲೆ, ತೀರ್ಮಾನದ ಕೊನೆಯ ಹಂಚಿಕೆಯಲ್ಲಿ, ನನಗೆ ಎರಡು ರಾಜ. ದೊಡ್ಡದಾಗಿ ಏರಿಸಿದೆ. ಅಕ್ಕ ಬಿಡಲಿಲ್ಲ. ಮೇಜಿನ ಮೇಲೆ ಬಿಚ್ಚಿದ, ಇಬ್ಬರಿಗೂ ಸೇರುವ ಮೂರು ಎಲೆಗಳಲ್ಲಿ ಇನ್ನೊಂದು ರಾಜ — ಹೆಚ್ಚುಕಡಿಮೆ ಗೆದ್ದ ಹಾಗೇ. ಮತ್ತೆ ಮೊದಲ ಮಾತು ನನ್ನದೇ. ಮೇಜು ತಟ್ಟಿ ಪಾಸ್ ಎಂದೆ. ಕಲ್ಲಾಗಿ ಕೂತೆ. ಕಷ್ಟವೇನೂ ಆಗಲಿಲ್ಲ.

ಅಕ್ಕ ತನ್ನದೆಲ್ಲವನ್ನೂ ಮುಂದೆ ತಳ್ಳಿದಳು. ಒಂದು ಗುಂಡಿ ಉರುಳಿ ಕೆಳಗೆ ಬಿತ್ತು. ದಿನಾ ಜನರಿಗೆ ಸೂಜಿ ಚುಚ್ಚುವ ಕೈಯಿಂದ.

"ನಗೋ, ಕೋತಿ..."

ಎರಡೂ ರಾಜರನ್ನು ಬೋರಲು ಹಾಕಿ ಆಟ ಬಿಟ್ಟುಕೊಟ್ಟೆ.

"ಏನಿತ್ತೋ?"

"ಏನಿಲ್ಲ. ಈ ಕುರ್ಚಿಯೇ ಸರಿಯಿಲ್ಲ."

ಎಲೆ ಒಟ್ಟುಮಾಡುವಾಗ ಅಮ್ಮ ನನ್ನವೆರಡನ್ನು ತಿರುಗಿಸಿ ನೋಡಿದಳು. ನನ್ನ ತಲೆ ಸವರಿದಳು.

ಮೇ 1, ಬೆಳಿಗ್ಗೆ 9

ಅಕ್ಕನನ್ನು ಬಸ್ ಹತ್ತಿಸಿ ಬಂದೆ. ಪಕ್ಕದ ಅಂಗಡಿಯ ದರ್ಜಿಗೆ ಅಮ್ಮ ಹೇಳುತ್ತಿದ್ದಾಳೆ, "ಅಕ್ಕನಿಗೋಸ್ಕರ ಬಿಟ್ಟುಕೊಟ್ಟ, ನಮ್ಮ ಹುಡುಗ." ದರ್ಜಿ ಎದ್ದು ಬಂದು ನನ್ನ ಕೈ ಕುಲುಕಿದ.

ಮಹಾಪ್ರಭುಗಳ ಸನ್ನಿಧಿಯಲ್ಲಿ ಒಂದು ಚಿಕ್ಕ ವಿಜ್ಞಾಪನೆ. ನಾಟಕ ಶಾಲೆಯ ಪತ್ರ ಟೈಪ್ ಮಾಡಿದ್ದು ನಾನೇ. ಫೆಬ್ರವರಿಯಲ್ಲಿ, ಅಪ್ಪನನ್ನು ಬೇಸ್ತು ಬೀಳಿಸೋಣ ಅಂತ. ಸೀಲು ಆಲೂಗಡ್ಡೆ ಕೆತ್ತಿ ಒತ್ತಿದ್ದು. ಅರ್ಜಿಯನ್ನೇ ಹಾಕಿರಲಿಲ್ಲ. ಅಕ್ಕನಿಗೆ ಹೇಳಬಹುದಿತ್ತು. ಹೇಳಿದ್ದರೆ ಆಟ ಇರುತ್ತಿರಲಿಲ್ಲ. ನನಗೆ ಇನ್ನೊಂದೇ ಒಂದು ಸಲ ಅಪ್ಪನ ಕುರ್ಚಿಯ ಎಡಕ್ಕೆ ಕೂತು ಆಡಬೇಕಿತ್ತು.