ಕೆಳಮನೆಯವಳು ಹೇಳಿದ ಸುವಾರ್ತೆ

ಪ್ರೀತಿಯ ಅಮ್ಮನಿಗೆ, ಕರ್ತನಲ್ಲಿ ವಂದನೆ.

ಭಾನುವಾರ ಈ ದೇಶದಲ್ಲಿ ನಮ್ಮ ಮೊದಲ ಪ್ರಾರ್ಥನಾ ಕೂಟ. ಕುರ್ಚಿ ಹಾಕಿ ಕಾದೆವು. ಬಂದವಳು ಕೆಳಮನೆಯ ದರ್ಜಿ ಹೆಂಗಸೊಬ್ಬಳೇ, ಅದೂ ನಮ್ಮ ಹಾಡು ಯಾವ ಭಾಷೆಯದೆಂದು ವಿಚಾರಿಸಲು. ನಿನ್ನ ಅಳಿಯ ಪ್ರಸಂಗ ಶುರುಮಾಡಿದರೆ ಅವಳ ಕಣ್ಣೆಲ್ಲ ನನ್ನ ಮೇಲೆ. ನಡುವೆಯೇ ಎದ್ದು ಬಂದು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಎಷ್ಟು ತಿಂಗಳು?" ಅಂದಳು. ಇಲ್ಲಿಯ ಭಾಷೆಯಲ್ಲಿ ನನಗೆ ತಟ್ಟನೆ ಅರ್ಥವಾದ ಮೊದಲ ಮಾತು ಅದು.

"ಏನಂತೆ?" ಅಂದರು ಇವರು.

ಬಸುರಿಯೆಂದು ತಿಳಿದರೆ ಪ್ರಯಾಣ ನಿಂತೀತೆಂದು ಹೆದರಿ ಇವರಿಗೂ ಹೇಳಿರಲಿಲ್ಲ. ಹೇಳಿದೆ. ಇವರು ಬೈಬಲ್ ಮಡಚಿ ಕೂತೇಬಿಟ್ಟರು, ಆಮೇಲೆ ನಗತೊಡಗಿದರು. ಸುವಾರ್ತೆ ಸಾರಲು ಬಂದವರಿಗೆ ಅವಳೇ ಸುವಾರ್ತೆ ಹೇಳಿದಂತಾಯಿತು.

ನಿನ್ನ ಮೆತ್ತನೆಯ ಹಳೆಯ ಸೀರೆ ಎರಡು ಕಳಿಸು. ಈಗ ಬೈಯಬೇಡ, ಮಗುವಿನ ಮುಖ ನೋಡಿದ ಮೇಲೆ ಎಷ್ಟಾದರೂ ಬೈಯುವೆಯಂತೆ.

ನಿನ್ನ ಮಗಳು